ಶೀರ್ಷಿಕಾವಳಿ: ರಹಸ್ಯಕಥೆಯ ಕಿರುಚಿತ್ರಗಳಲ್ಲಿ

ಚಲನಚಿತ್ರವೊಂದರ ಹೆಸರನ್ನೂ, ಅದನ್ನು ನಿರ್ಮಿಸಿದವರ, ಅದರಲ್ಲಿ ಅಭಿನಯಿಸಿದವರ, ಅದಕ್ಕಾಗಿ ತೆರೆಯ ಹಿಂದೆ ದುಡಿದವರ ಹೆಸರುಗಳನ್ನೂ ಪ್ರೇಕ್ಷಕರಿಗೆ ತಿಳಿಸುವ ಸಲುವಾಗಿ ಚಿತ್ರದ ಆದಿಯಲ್ಲಿಯೋ ಅಂತ್ಯದಲ್ಲಿಯೋ ಮೂಡಿಬರುವ ಅಕ್ಷರ, ಚಿತ್ರ ಮತ್ತು ಧ್ವನಿಗಳ ಸಂಯೋಜನೆಗೆ ಶೀರ್ಷಿಕಾವಳಿಯೆಂದು ಹೆಸರು. ಚಿತ್ರೋದ್ಯಮದ ಆಡುಮಾತಿನಲ್ಲಿ ಮೊದಲಿನದು ಟೈಟಲ್ ಕಾರ್ಡ್; ಕಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಸರಿಯುವ ನಾಮಾವಳಿ ರೋಲಿಂಗ್ ಟೈಟಲ್. ಪೌರಾಣಿಕ, ಸಾಮಾಜಿಕ, ಹಾಸ್ಯ ಮೊದಲಾದ ಎಲ್ಲ ಬಗೆಯ ಚಿತ್ರಗಳಿಗೂ ಶೀರ್ಷಿಕಾವಳಿ ಅವಶ್ಯಕವೇ ಆದರೂ, ಪ್ರೇಕ್ಷಕನ ಮನಸ್ಸಿನಲ್ಲಿ ಸಂದೇಹವನ್ನು ಬಿತ್ತಿ ಕುತೂಹಲವನ್ನು ಕಡೆಯವರೆಗೆ ಕಾಯ್ದುಕೊಳ್ಳಬೇಕಾದ ರಹಸ್ಯಕಥೆಯ ಚಿತ್ರದಲ್ಲಿ ಅದರ ಹೊಣೆ ಇಮ್ಮಡಿಯಾಗುತ್ತದೆ. ಹೆಸರುಗಳನ್ನು ಸ್ಪಷ್ಟವಾಗಿ ಹೇಳಬೇಕು, ಕಥೆಯನ್ನು ಸ್ಪಷ್ಟವಾಗಿ ಹೇಳಬಾರದು ಎಂಬ ಪರಸ್ಪರ ವಿರುದ್ಧವಾದ ಎರಡು ವಿಧಿಗಳನ್ನು ಅದು ಏಕಕಾಲದಲ್ಲಿ ಪಾಲಿಸಬೇಕಾಗುತ್ತದೆ. ಹತ್ತು ಹದಿನೈದು ನಿಮಿಷಗಳೊಳಗೆ ಮುಗಿಯುವ ಕಿರುಚಿತ್ರದಲ್ಲಿ ಈ ಕಾರ್ಯವನ್ನು ಕೆಲವೇ ಸೆಕೆಂಡುಗಳಲ್ಲಿ ಸಾಧಿಸಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯ ಪರಿಸರವನ್ನೂ ಕನ್ನಡ ಲಿಪಿಯ ಸ್ವಭಾವವನ್ನೂ ಮುಖ್ಯವಾಗಿ ದೃಷ್ಟಿಯಲ್ಲಿಟ್ಟುಕೊಂಡು ಈ ಕಲೆಯ ಇತಿಹಾಸ, ತತ್ತ್ವ ಮತ್ತು ವಿಧಾನಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಪೂರ್ವಪರಂಪರೆ: ಕೃತಿಯೊಂದಿಗೆ ಕರ್ತೃವಿನ ಹೆಸರನ್ನು ಜೋಡಿಸುವ ಪದ್ಧತಿ ಚಲನಚಿತ್ರದೊಂದಿಗೆ ಹುಟ್ಟಿದುದಲ್ಲ. ಹೊಯ್ಸಳರ ಕಾಲದ ರೂವಾರಿಗಳು ತಾವು ಕಡೆದ ಶಿಲ್ಪಗಳ ಪೀಠದಲ್ಲಿ ತಮ್ಮ ಹೆಸರುಗಳನ್ನು ಕೊರೆದಿಟ್ಟಿರುವುದು ಸುವಿದಿತ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಚಾವಣರ ಹೆಸರುಗಳು ದೊರೆಯುತ್ತವೆ. ಚಿಕ್ಕಮಗಳೂರು ಜಿಲ್ಲೆಗೇ ಸೇರಿದ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯದಲ್ಲಿ, ಮುಂದೆ ಸೋಮನಾಥಪುರದಲ್ಲಿಯೂ ಕೆಲಸ ಮಾಡಿದ ಮಲ್ಲಿತಮ್ಮನ ಹೆಸರು ಕಾಣಸಿಗುತ್ತದೆ. ದೊರೆಯ ಬಿರುದಾವಳಿಯನ್ನು ಹೊತ್ತ ಶಾಸನ ಒಂದು ಕಡೆ, ಕಲ್ಲುಕುಟಿಗನ ಹೆಸರು ಇನ್ನೊಂದು ಕಡೆ ಇರುವ ಈ ವ್ಯವಸ್ಥೆಯಲ್ಲಿ, ನಿರ್ಮಾಪಕನ ಹೆಸರಿನ ದೊಡ್ಡಕ್ಷರವೂ ಸಹಾಯಕರ ಹೆಸರುಗಳ ಸಣ್ಣಕ್ಷರವೂ ಒಂದೇ ಚಿತ್ರದಲ್ಲಿ ಬರುವ ಇಂದಿನ ಪದ್ಧತಿಯ ಪೂರ್ವರೂಪವನ್ನು ಗುರುತಿಸಬಹುದು.

ಕಥಾರಂಭಕ್ಕೆ ಮುನ್ನ ಪ್ರೇಕ್ಷಕನನ್ನು ಸಿದ್ಧಗೊಳಿಸುವ ಕ್ರಮವೂ ನಮ್ಮ ರಂಗಭೂಮಿಯಲ್ಲಿ ಹಿಂದಿನಿಂದ ನಡೆದುಬಂದಿದೆ. ಘಟ್ಟದ ಕೆಳಗಿನಿಂದ ಬರುವ ಮೇಳಗಳ ಮೂಲಕ ಮಲೆನಾಡಿಗೂ ಚಿರಪರಿಚಿತವಾಗಿರುವ ಯಕ್ಷಗಾನದಲ್ಲಿ ಪೂರ್ವರಂಗವೂ ಒಡ್ಡೋಲಗವೂ ಈ ಕೆಲಸವನ್ನು ನಿರ್ವಹಿಸುತ್ತವೆ. ಅದರಲ್ಲಿಯೂ ಬಣ್ಣದ ವೇಷವು ಅಡ್ಡ ಹಿಡಿದ ತೆರೆಯ ಹಿಂದೆ ನಿಂತು, ಚೆಂಡೆಯ ಪೆಟ್ಟು ಏರುತ್ತಿರುವಂತೆ ಮೊದಲು ಕಿರೀಟದ ತುದಿಯನ್ನು, ಆಮೇಲೆ ಕಣ್ಣುಗಳನ್ನು, ಕಟ್ಟಕಡೆಗೆ ಪೂರ್ಣಸ್ವರೂಪವನ್ನು ತೋರಿಸುವ ರೀತಿಯು ಭಯಾನಕ ರಸವನ್ನು ಅಂಶಾಂಶವಾಗಿ ಪ್ರಕಟಿಸುವ ಕಲೆಯ ಉತ್ತಮ ನಿದರ್ಶನ. ರಹಸ್ಯಚಿತ್ರದ ಶೀರ್ಷಿಕಾವಳಿಯನ್ನು ಕಲ್ಪಿಸುವವನು ಈ ತೆರೆಯ ಕುಣಿತದಿಂದ ಕಲಿಯಬೇಕಾದುದು ಬಹಳವಿದೆ.

ಚಲನಚಿತ್ರದಲ್ಲಿ ಬೆಳವಣಿಗೆ: ಮೂಕಿಚಿತ್ರಗಳ ಕಾಲದಲ್ಲಿ ಶೀರ್ಷಿಕೆಯೆಂದರೆ ಕಪ್ಪು ರಟ್ಟಿನ ಮೇಲೆ ಬಿಳಿಯ ಬಣ್ಣದಿಂದ ಬರೆದು ಛಾಯಾಗ್ರಹಣ ಮಾಡಿದ ಫಲಕವಷ್ಟೇ ಆಗಿತ್ತು. ವಾಕ್ಚಿತ್ರಗಳು ಬಂದ ಮೇಲೂ ಬಹುಕಾಲ ಈ ಕ್ರಮವೇ ಮುಂದುವರಿದು, ಜನರು ಆಸನಗಳಲ್ಲಿ ನೆಲೆಗೊಳ್ಳುವವರೆಗೆ ಕಳೆಯಬೇಕಾದ ಕಾಲವೆಂದು ಮಾತ್ರ ಅದನ್ನು ಎಣಿಸಲಾಗುತ್ತಿತ್ತು. ಈ ಭಾವನೆಯನ್ನು ಬದಲಿಸಿದವರಲ್ಲಿ ಅಮೆರಿಕದ ವಿನ್ಯಾಸಕಾರ ಸಾಲ್ ಬಾಸ್ ಅಗ್ರಗಣ್ಯ. 1955ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಚಿತ್ರದಲ್ಲಿ ಕಾಗದದಿಂದ ಕತ್ತರಿಸಿದಂತಿರುವ ಬಿಳಿಯ ಪಟ್ಟಿಗಳನ್ನೇ ಚಲಿಸುವಂತೆ ಮಾಡಿ ಕಥೆಯ ಆಂತರಿಕ ವೇದನೆಯನ್ನು ಸೂಚಿಸಿದ ಆತನು, ಮುಂದೆ ಆಲ್‌ಫ್ರೆಡ್ ಹಿಚ್‌ಕಾಕ್‌ನ ‘ವರ್ಟಿಗೊ’ (1958), ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959), ‘ಸೈಕೊ’ (1960) ಚಿತ್ರಗಳಿಗೆ ರಚಿಸಿದ ಶೀರ್ಷಿಕಾವಳಿಗಳು ಈ ಕ್ಷೇತ್ರದ ಮೇಲ್ಪಂಕ್ತಿಗಳೆನಿಸಿವೆ. ‘ಸೈಕೊ’ದಲ್ಲಿ ಹೆಣವಾಗಲಿ ಆಯುಧವಾಗಲಿ ರಕ್ತವಾಗಲಿ ಕಾಣುವುದಿಲ್ಲ, ಬೂದುಬಣ್ಣದ ಗೆರೆಗಳು ತೆರೆಯನ್ನು ಅಡ್ಡಡ್ಡಲಾಗಿ, ಉದ್ದುದ್ದವಾಗಿ ಸೀಳುತ್ತ ಅಕ್ಷರಗಳನ್ನು ಒಡೆದು ಕೂಡಿಸುತ್ತವೆ, ಬರ್ನಾರ್ಡ್ ಹರ್ಮನ್‌ನ ತಂತಿವಾದ್ಯಗಳು ಆ ಗೆರೆಗಳ ಓಟಕ್ಕೆ ಶ್ರುತಿಯಾಗುತ್ತವೆ. ಒಡೆದ ಮನಸ್ಸಿನ ಕಥೆಯೆಂಬುದನ್ನು ಹೇಳದೆಯೇ ಹೇಳಿದ ಈ ರೀತಿ ಇಂದಿಗೂ ಅನುಕರಣೀಯವಾಗಿದೆ. 1962ರ ‘ಡಾಕ್ಟರ್ ನೊ’ ಚಿತ್ರಕ್ಕಾಗಿ ಮಾರಿಸ್ ಬೈಂಡರ್ ರೂಪಿಸಿದ, ಬಂದೂಕಿನ ನಳಿಗೆಯೊಳಗಿಂದ ನೋಡುವ ದೃಶ್ಯವು ಗೂಢಚಾರ ಚಿತ್ರಗಳಿಗೆ ಲಾಂಛನವೇ ಆಯಿತು. 1995ರ ‘ಸೆವೆನ್’ ಚಿತ್ರದಲ್ಲಿ ಕೈಲ್ ಕೂಪರ್ ಗೀಚಿದ ಅಕ್ಷರಗಳನ್ನೂ ಕೊಲೆಗಾರನ ದಿನಚರಿಯ ಪುಟಗಳನ್ನೂ ಬಳಸಿ ತೋರಿಸಿಕೊಟ್ಟ ದಾರಿಯನ್ನು ಮುಂದಿನ ಅಸಂಖ್ಯ ರೋಮಾಂಚಕ ಚಿತ್ರಗಳು ಹಿಡಿದವು. ಅನುಕರಣೆಯ ಅತಿಯಿಂದ ಅದರ ಮೊನೆ ಈಗ ಮೊಂಡಾಗಿದೆ.

ಭಾರತದಲ್ಲಿ ಶೀರ್ಷಿಕಾವಳಿಯನ್ನು ಸ್ವತಂತ್ರ ಕಲೆಯೆಂದು ಭಾವಿಸಿದವರಲ್ಲಿ ಸತ್ಯಜಿತ್ ರಾಯ್ ಮೊದಲಿಗರು. ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿ ದುಡಿದು, ಪುಸ್ತಕಗಳಿಗೆ ಮುಖಪುಟಗಳನ್ನು ಬರೆದು ಅಕ್ಷರವಿನ್ಯಾಸದಲ್ಲಿ ಪಳಗಿದ್ದ ಅವರು, 1955ರ ‘ಪಥೇರ್ ಪಾಂಚಾಲಿ’ಯ ಹೆಸರುಗಳನ್ನು ಕೈಕಾಗದದ ಮೇಲೆ ಹಳೆಯ ಹಸ್ತಪ್ರತಿಯ ಶೈಲಿಯಲ್ಲಿ ಬರೆದು ತೋರಿಸಿದರು. ಬಂಗಾಳಿ ಲಿಪಿಯ ಒಳಗಿನಿಂದಲೇ ವಿನ್ಯಾಸವನ್ನು ಹೊರತೆಗೆದ ಆ ಮಾರ್ಗವು ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವವರಿಗೆಲ್ಲ ಆದರ್ಶಪ್ರಾಯವಾದುದು.

ಕನ್ನಡದಲ್ಲಿ: 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ದೊಂದಿಗೆ ಆರಂಭವಾದ ಕನ್ನಡ ವಾಕ್ಚಿತ್ರ ಪರಂಪರೆಯಲ್ಲಿ ಬಹುಕಾಲದವರೆಗೆ ಶೀರ್ಷಿಕೆಗಳನ್ನು ಬರೆದವರು ಭಿತ್ತಿಪತ್ರ ಹಾಗೂ ಫಲಕಗಳನ್ನು ಬರೆಯುತ್ತಿದ್ದ ಕೈಬರಹದ ಕಲಾವಿದರು. ಚಿತ್ರನಿರ್ಮಾಣದ ಮುಖ್ಯ ಕಾರ್ಯಗಳು ಮದ್ರಾಸಿನಲ್ಲಿ ನಡೆಯುತ್ತಿದ್ದ ಆ ದಿನಗಳಲ್ಲಿ, ಬರೆದ ಫಲಕವನ್ನು ಕಪ್ಪು-ಬಿಳುಪಿನ ಅಂತರ ತೀವ್ರವಾಗಿರುವ ಫಿಲ್ಮಿನ ಮೇಲೆ ಸೆರೆಹಿಡಿದು, ಆಪ್ಟಿಕಲ್ ಪ್ರಿಂಟರ್ ಯಂತ್ರದ ಮೂಲಕ ದೃಶ್ಯದ ಮೇಲೆ ಅಕ್ಷರಗಳನ್ನು ಅಧ್ಯಾರೋಪಿಸುತ್ತಿದ್ದರು. ಒಂದು ಹೆಸರಿನಲ್ಲಿ ತಪ್ಪಾದರೆ ಫಲಕವನ್ನು ಪುನಃ ಬರೆದು, ಪುನಃ ಸಂಸ್ಕರಿಸಿ, ಪುನಃ ಮುದ್ರಿಸಬೇಕಾಗುತ್ತಿದ್ದುದರಿಂದ, ಹೆಸರುಗಳ ಪಟ್ಟಿ ಹ್ರಸ್ವವಾಗಿಯೇ ಇರುತ್ತಿತ್ತು.

ಪತ್ತೇದಾರಿ ಮತ್ತು ಗೂಢಚಾರ ಕಥೆಗಳ ಚಿತ್ರಗಳಿಗೆ ಕನ್ನಡದಲ್ಲಿ ಜನಪ್ರಿಯತೆಯನ್ನು ತಂದುಕೊಟ್ಟುದು ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ (1968). ಅದರ ಬೆನ್ನಿಗೇ ಸಿ.ಐ.ಡಿ. 999 ಪಾತ್ರದ ಇತರ ಚಿತ್ರಗಳೂ ಬಂದು, ರಾಜ್‌ಕುಮಾರ್ ಅವರು ಗೂಢಚಾರನ ವೇಷದಲ್ಲಿ ಜನಮನವನ್ನು ಗೆದ್ದರು. ಕಾಶಿನಾಥರ ‘ಅಪರಿಚಿತ’ (1978), ಶಂಕರ್‌ನಾಗ್‌ ಅವರ ‘ಆಕ್ಸಿಡೆಂಟ್’ (1985) ಈ ಪ್ರಕಾರಕ್ಕೆ ಗಾಂಭೀರ್ಯವನ್ನು ತಂದವು. 1989ರಲ್ಲಿ ಹಾಡುಗಳೇ ಇಲ್ಲದ ‘ತರ್ಕ’ವನ್ನು ನಿರ್ದೇಶಿಸಿದ ಸುನೀಲ್ ಕುಮಾರ್ ದೇಸಾಯಿಯವರು ಮುಂದೆ ‘ಉತ್ಕರ್ಷ’, ‘ಸಂಘರ್ಷ’, ‘ನಿಷ್ಕರ್ಷ’ ಎಂದು ಸಾಲಾಗಿ ಇಟ್ಟ ಹೆಸರುಗಳನ್ನು ವಿನ್ಯಾಸದ ದೃಷ್ಟಿಯಿಂದ ಪರಿಶೀಲಿಸಿದರೆ ಒಂದು ಸ್ವಾರಸ್ಯ ಗೋಚರಿಸುತ್ತದೆ: ನಾಲ್ಕೂ ಹೆಸರುಗಳು ಸಂಸ್ಕೃತಮೂಲದ ಚಿಕ್ಕ ಪದಗಳು, ನಾಲ್ಕೂ ಅರ್ಕಾವತ್ತಿನೊಂದಿಗೆ ಮುಗಿಯುತ್ತವೆ. ಉಚ್ಚಾರದಲ್ಲಿ ಮುಂದೆ ಬಂದರೂ ಬರೆಹದಲ್ಲಿ ಅಕ್ಷರದ ಹಿಂದೆ ಕೊಂಡಿಯಂತೆ ಬಾಗಿ ನಿಲ್ಲುವ ಆ ಚಿಹ್ನೆಯು ಪದದ ತುದಿಗೆ ಒಂದು ಬಗೆಯ ತೀಕ್ಷ್ಣತೆಯನ್ನು ಕೊಡುತ್ತದೆ. ಕುಶಲನಾದ ಅಕ್ಷರಕಾರನಿಗೆ ಅದೊಂದೇ ಸಾಕು. ಉಪೇಂದ್ರರು ‘ಎ’ (1998) ಎಂಬ ಒಂದೇ ಅಕ್ಷರವನ್ನು ಚಿತ್ರದ ಹೆಸರಾಗಿಸಿದುದೂ, 2010ರ ಚಿತ್ರಕ್ಕೆ ಅಕ್ಷರಗಳನ್ನೇ ಬಿಟ್ಟು ‘ಸೂಪರ್’ ಎಂದು ಜನ ಓದಿಕೊಂಡ ಕೈಮುದ್ರೆಯನ್ನಿಟ್ಟುದೂ ಶೀರ್ಷಿಕೆಯೇ ಚಿತ್ರದ ಮೊದಲ ಒಗಟಾಗಬಲ್ಲುದೆಂಬುದಕ್ಕೆ ಸಾಕ್ಷಿ. ಹೊಸ ಶತಮಾನದಲ್ಲಿ ಪವನ್ ಕುಮಾರರ ‘ಲೂಸಿಯಾ’ (2013) ಮತ್ತು ‘ಯು ಟರ್ನ್’ (2016), ಕಥೆಯನ್ನು ಅಧ್ಯಾಯಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಶೀರ್ಷಿಕೆಯನ್ನಿತ್ತ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014), ಅನೂಪ್ ಭಂಡಾರಿಯವರ ‘ರಂಗಿತರಂಗ’ (2015), ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಮೊದಲಾದುವು ಕಿರುಚಿತ್ರಗಳನ್ನು ತೆಗೆಯುವ ತರುಣರಿಗೆ ಸಮೀಪದ ಮಾದರಿಗಳಾಗಿವೆ.

ಮಲೆನಾಡಿನ ಶೀರ್ಷಿಕಾವಳಿಗಳನ್ನು ಕುರಿತು ಹೇಳುವಾಗ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಯನ್ನು ಮರೆಯಲಾಗದು. ಶೃಂಗೇರಿಯಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ಚಿತ್ರಿತವಾದ ಆ ಧಾರಾವಾಹಿಯ ಆರಂಭದಲ್ಲಿ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಎಲ್. ವೈದ್ಯನಾಥನ್ ಅವರ ಸಂಗೀತವೂ ಕೂಡಿ, ಇಲ್ಲದ ಊರೊಂದನ್ನು ದೇಶದ ಜನರ ಕಣ್ಮುಂದೆ ನಿಲ್ಲಿಸಿದವು. ಅಲ್ಪ ವೆಚ್ಚದಲ್ಲಿ, ಕೆಲವೇ ಗೆರೆಗಳಲ್ಲಿ ಒಂದು ಲೋಕವನ್ನೇ ಸ್ಥಾಪಿಸಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕಾಫಿ ಸೀಮೆಯ ಸಾಮಗ್ರಿ: ಚಿಕ್ಕಮಗಳೂರು ಜಿಲ್ಲೆಗೆ ಚಲನಚಿತ್ರದ ನಂಟು ಹಳೆಯದು. ‘ಸಂಸ್ಕಾರ’ (1970) ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ, ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974) ಚಿಕ್ಕಮಗಳೂರಿನ ಸಮೀಪದ ಕಳಸಾಪುರದಲ್ಲಿ ಚಿತ್ರಿತವಾದುವು. ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ (1938–2007) ಕಥೆಗಳು ‘ಅಬಚೂರಿನ ಪೋಸ್ಟಾಫೀಸು’ (1973), ‘ತಬರನ ಕಥೆ’, ‘ಕುಬಿ ಮತ್ತು ಇಯಾಲ’, ‘ಡೇರ್‌ಡೆವಿಲ್ ಮುಸ್ತಾಫಾ’ (2023) ಎಂದು ತೆರೆಗೆ ಬಂದಿವೆ. ಇವುಗಳಲ್ಲಿ ಕಡೆಯದಕ್ಕೆ ಬಂಡವಾಳ ಕೂಡಿಸಿದವರು ಅವರ ಓದುಗರೇ. ಅವರ ‘ಚಿದಂಬರ ರಹಸ್ಯ’ ಮತ್ತು ‘ಜುಗಾರಿ ಕ್ರಾಸ್’ ಕಾದಂಬರಿಗಳು ಏಲಕ್ಕಿ, ಕಾಡು, ಘಟ್ಟದ ರಸ್ತೆ, ಕಳ್ಳವ್ಯಾಪಾರಗಳ ನಡುವೆಯೇ ಗಂಭೀರ ಸಾಹಿತ್ಯಗುಣವುಳ್ಳ ರಹಸ್ಯಕಥನ ಸಾಧ್ಯವೆಂದು ತೋರಿಸಿಕೊಟ್ಟಿವೆ. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಈ ಸೀಮೆಯಲ್ಲಿ ರೋಮಾಂಚಕ ಕಿರುಚಿತ್ರವನ್ನು ತೆಗೆಯಹೊರಡುವವರು ತಿಳಿದೋ ತಿಳಿಯದೆಯೋ ತೇಜಸ್ವಿಯವರು ಸವೆಸಿದ ದಾರಿಯಲ್ಲಿಯೇ ನಡೆಯುತ್ತಾರೆ.

ಇಂಥ ಚಿತ್ರದ ಶೀರ್ಷಿಕಾವಳಿಗೆ ಬೇಕಾದ ಅಕ್ಷರ, ವರ್ಣ, ವಸ್ತುಗಳೆಲ್ಲ ತೋಟದಲ್ಲಿಯೇ ಇವೆ. ಗೋಣಿಚೀಲದ ಮೇಲೆ ತಗಡಿನ ಅಚ್ಚಿಟ್ಟು ಮಸಿ ಬಳಿದು ಮೂಡಿಸಿದ ಅಕ್ಷರಗಳು, ತೋಟದ ಗೇಟಿನ ತುಕ್ಕುಹಿಡಿದ ನಾಮಫಲಕ, ಚಾರ್ಮಾಡಿ ಘಾಟಿಯ ಪಾಚಿಗಟ್ಟಿದ ಮೈಲಿಗಲ್ಲು, ಕಣದಲ್ಲಿ ಹರಡಿದ ಕಾಫಿಯ ಮೇಲೆ ಹಲುಬೆ ಎಳೆದ ಗೆರೆಗಳು, ತೋಟದ ಲೆಕ್ಕ ಬರೆಯುವ ರೈಟರು ಕೈಯಿಂದ ತುಂಬಿದ ಹಾಜರಿ ಪುಸ್ತಕ ಇವುಗಳಲ್ಲಿ ಯಾವುದನ್ನಾದರೂ ಒಂದನ್ನು ಆರಿಸಿಕೊಂಡು ಕಡೆಯವರೆಗೆ ಅದಕ್ಕೇ ನಿಷ್ಠನಾಗಿರುವುದು ಲೇಸು. ಎಲ್ಲವನ್ನೂ ತುರುಕಿದರೆ ಪ್ರವಾಸೋದ್ಯಮದ ಜಾಹೀರಾತಾಗುತ್ತದೆ. ಉದಾಹರಣೆಗೆ ಗೋಣಿಚೀಲದ ಅಚ್ಚಕ್ಷರವನ್ನೇ ಆರಿಸಿಕೊಂಡರೆ, ತಗಡಿನಲ್ಲಿ ಕತ್ತರಿಸಿದ ಅಕ್ಷರದ ಒಳಗಿನ ಮುಚ್ಚಿದ ಭಾಗ ಕಳಚಿಬೀಳದಂತೆ ಅಲ್ಲಲ್ಲಿ ಸಣ್ಣ ಸೇತುವೆಗಳನ್ನು ಬಿಡಬೇಕಾಗುತ್ತದೆಂಬುದನ್ನು ನೆನಪಿಡತಕ್ಕದ್ದು. ಠ, ರ, ಅನುಸ್ವಾರ ಮುಂತಾದ ದುಂಡು ರೂಪಗಳು ಹೇರಳವಾಗಿರುವ ಕನ್ನಡದಲ್ಲಿ ಈ ಸೇತುವೆಗಳು ಪ್ರತಿ ಪದದಲ್ಲಿಯೂ ಬಂದು, ಓದುವಾಗ ಕಣ್ಣಿಗೆ ಕ್ಷಣಮಾತ್ರ ತಡೆಯನ್ನೊಡ್ಡುತ್ತವೆ. ಸಂದೇಹವನ್ನು ಹುಟ್ಟಿಸುವ ಚಿತ್ರಕ್ಕೆ ಆ ತಡೆಯೇ ಗುಣವಾಗುತ್ತದೆ.

ಮಂಜಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮುಳ್ಳಯ್ಯನಗಿರಿಯ ಏರಿನಲ್ಲಾಗಲಿ ಕುದುರೆಮುಖದ ತಪ್ಪಲಿನಲ್ಲಾಗಲಿ ಮಂಜು ಕವಿದ ದೃಶ್ಯವನ್ನು ಕಂಡೊಡನೆ ಅದರ ಮೇಲೆ ಹೆಸರುಗಳನ್ನು ಮೂಡಿಸುವ ಆಸೆ ಹುಟ್ಟುವುದು ಸಹಜವೇ. ಆದರೆ ಶೀರ್ಷಿಕೆಗೆ ರೂಢಿಯಾಗಿರುವ ಬಿಳಿಯ ಅಕ್ಷರಗಳು ಬಿಳಿಯ ಮಂಜಿನಲ್ಲಿ ಕರಗಿಹೋಗುತ್ತವೆ. ಅಂಚಿಗೆ ನೆರಳು ಹಚ್ಚಿ ಅವನ್ನು ಎದ್ದುಕಾಣಿಸಲು ಯತ್ನಿಸಿದರೆ ದೃಶ್ಯದ ನೈಜತೆ ಕೆಡುತ್ತದೆ. ಕಪ್ಪಕ್ಷರಗಳನ್ನು ಬಳಸುವುದು, ಇಲ್ಲವೆ ಚೌಕಟ್ಟಿನ ಕೆಳಭಾಗದಲ್ಲಿ ಕಾಫಿಗಿಡಗಳ ಗಾಢಹಸುರನ್ನು ಉಳಿಸಿಕೊಂಡು ಅಲ್ಲಿ ಹೆಸರುಗಳನ್ನಿಡುವುದು ಇದಕ್ಕೆ ಪರಿಹಾರ. ಎರಡನೆಯದನ್ನು ಮಾಡಬೇಕಾದರೆ ಅಕ್ಷರಗಳಿಗೆಂದು ಜಾಗ ಬಿಟ್ಟೇ ಚಿತ್ರೀಕರಿಸಬೇಕು. ಆದ್ದರಿಂದ ಶೀರ್ಷಿಕೆಯ ವಿನ್ಯಾಸ ಚಿತ್ರೀಕರಣಕ್ಕೆ ಮುಂಚೆಯೇ ಕಾಗದದ ಮೇಲೆ ಸಿದ್ಧವಾಗಿರಬೇಕೆಂಬುದು ನಿಯಮ.

ಋತುವಿನ ಸಂಗತಿಯೂ ಅಷ್ಟೇ ಮುಖ್ಯ. ಮಾರ್ಚಿ-ಏಪ್ರಿಲ್ ತಿಂಗಳ ಹೂಮಳೆಯಾದ ಕೆಲವು ದಿನಗಳಲ್ಲಿ ತೋಟವೆಲ್ಲ ಬಿಳಿಯ ಹೂವಿನಿಂದ ತುಂಬಿ, ಅಲ್ಪಕಾಲದಲ್ಲಿಯೇ ಬಾಡಿಹೋಗುತ್ತದೆ. ಅರೇಬಿಕಾ ಹಣ್ಣಿನ ಕುಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಅನಂತರ. ಶೀರ್ಷಿಕಾವಳಿಯಲ್ಲಿ ಹೂವನ್ನು ತೋರಿಸಿ, ಮರುದಿನದ್ದೆಂದು ಹೇಳುವ ಕಥೆಯಲ್ಲಿ ಕೆಂಪು ಹಣ್ಣನ್ನು ತೋರಿಸಿದರೆ, ಕಳಸದ ಯಾವ ಬೆಳೆಗಾರನೂ ಆ ಚಿತ್ರದ ಕೊಲೆಯನ್ನಾಗಲಿ ಕೊಲೆಗಾರನನ್ನಾಗಲಿ ನಂಬಲಾರ. ಸುಳಿವುಗಳನ್ನು ಹುಡುಕುವಂತೆ ಪ್ರೇಕ್ಷಕನನ್ನು ಪ್ರಚೋದಿಸುವ ಚಿತ್ರದಲ್ಲಿ ಪ್ರತಿಯೊಂದು ಎಲೆಯೂ ಸಾಕ್ಷಿ ಹೇಳುತ್ತದೆ.

ಕಾಲಪರಿಮಿತಿ: ಎರಡೂವರೆ ಗಂಟೆಯ ಚಿತ್ರದಲ್ಲಿ ಮೂರು ನಿಮಿಷದ ಶೀರ್ಷಿಕಾವಳಿ ಐವತ್ತರಲ್ಲಿ ಒಂದು ಪಾಲು, ಹನ್ನೆರಡು ನಿಮಿಷದ ಕಿರುಚಿತ್ರದಲ್ಲಿ ಅದೇ ಮೂರು ನಿಮಿಷ ಕಾಲುಭಾಗವನ್ನು ನುಂಗಿಬಿಡುತ್ತದೆ. ಆಸ್ಕರ್ ಪ್ರಶಸ್ತಿಯನ್ನು ಕೊಡುವ ಅಮೆರಿಕದ ಅಕಾಡೆಮಿಯು ಕಿರುಚಿತ್ರಕ್ಕೆ ನಾಮಾವಳಿಯೂ ಸೇರಿ 40 ನಿಮಿಷಗಳ ಮಿತಿಯನ್ನು ಇಟ್ಟಿದೆ. ಚಿತ್ರೋತ್ಸವಗಳು ಇದಕ್ಕಿಂತ ಚಿಕ್ಕ ಮಿತಿಯನ್ನು ವಿಧಿಸುವುದೂ ಉಂಟು. ಆದಕಾರಣ ಆರಂಭದಲ್ಲಿ ಚಿತ್ರದ ಹೆಸರು ಮತ್ತು ಅತ್ಯವಶ್ಯವಾದ ಮೂರು ನಾಲ್ಕು ಹೆಸರುಗಳನ್ನಷ್ಟೇ ಇಟ್ಟುಕೊಂಡು ಉಳಿದುದೆಲ್ಲವನ್ನೂ ಕಡೆಗೆ ಸಾಗಿಸುವುದು ವಿವೇಕ. ಆರಂಭದ ಭಾಗ ಅರ್ಧ ನಿಮಿಷವನ್ನು ಮೀರದಿದ್ದರೆ ಒಳ್ಳೆಯದು.

ಈ ಅರ್ಧ ನಿಮಿಷವನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲಿ ಮೂರು ಕ್ರಮಗಳುಂಟು. ಮೊದಲನೆಯದು, ಕಥೆಗೆ ಮುಂಚೆಯೇ ಪ್ರತ್ಯೇಕವಾಗಿ ಇಡುವುದು. ಎರಡನೆಯದು, ಮೊದಲ ದೃಶ್ಯದಲ್ಲಿ ಒಂದು ಅನಾಹುತವನ್ನೋ ಅನುಮಾನವನ್ನೋ ತೋರಿಸಿ, ಅದರ ಕಾರಣ ತಿಳಿಯುವ ಮುನ್ನವೇ ಕತ್ತರಿಸಿ ಹೆಸರನ್ನು ತರುವುದು. ರೋಮಾಂಚಕ ಚಿತ್ರಗಳಲ್ಲಿ ಇದು ಬಹಳ ಪ್ರಚಲಿತ. ಮೂರನೆಯದು, ಚಿತ್ರದ ಹೆಸರನ್ನು ಕಟ್ಟಕಡೆಗೆ, ರಹಸ್ಯ ಬಯಲಾದ ಮರುಕ್ಷಣ ತೋರಿಸುವುದು. ಹೆಸರಿನಲ್ಲಿಯೇ ಕಥೆಯ ಉತ್ತರ ಅಡಗಿದ್ದರೆ ಈ ಮೂರನೆಯದು ಕಿರುಚಿತ್ರಕ್ಕೆ ಅತ್ಯಂತ ಪರಿಣಾಮಕಾರಿಯಾದೀತು. ಯಾವ ಕ್ರಮವನ್ನು ಹಿಡಿದರೂ, ಮುಂದೆ ಬರುವ ನಿರ್ಣಾಯಕ ದೃಶ್ಯಗಳ ತುಣುಕುಗಳನ್ನು ಶೀರ್ಷಿಕೆಯ ಹಿಂದೆ ಮಿಂಚಿಸುವುದು ದೋಷ. ಕೊಲೆಗೆ ಬಳಸಿದ ಕತ್ತಿಯನ್ನು ಮೊದಲೇ ತೋರಿಸುವುದಕ್ಕಿಂತ, ಕತ್ತಿ ಇರಬೇಕಾದ ಗೋಡೆಯ ಮೊಳೆಯನ್ನು ಬರಿದಾಗಿ ತೋರಿಸುವುದು ಹೆಚ್ಚು ಧ್ವನಿಪೂರ್ಣ.

ಕನ್ನಡ ಲಿಪಿ ಮತ್ತು ಅಕ್ಷರವಿನ್ಯಾಸ: ರೋಮನ್ ಲಿಪಿಗಾಗಿ ರೂಪಿತವಾದ ಪದ್ಧತಿಗಳನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಿದರೆ ತೊಡಕುಗಳು ಹುಟ್ಟುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವಿಲ್ಲದಿರುವುದರಿಂದ ಹೆಸರಿನ ಪ್ರಾಧಾನ್ಯವನ್ನು ಗಾತ್ರದಿಂದಲೂ ಗೆರೆಯ ದಪ್ಪದಿಂದಲೂ ಮಾತ್ರ ಸೂಚಿಸಬೇಕಾಗುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ, ಗುಡಿಸು, ಎತ್ವ ಮೊದಲಾದುವು ಮೇಲ್ಗಡೆ ಚಾಚಿಕೊಳ್ಳುವುದರಿಂದ ಸಾಲುಗಳ ನಡುವೆ ರೋಮನ್ ಲಿಪಿಗಿಂತ ಹೆಚ್ಚಿನ ಅಂತರ ಬೇಕು. ಇಲ್ಲದಿದ್ದರೆ ಮೇಲಿನ ಹೆಸರಿನ ಒತ್ತು ಕೆಳಗಿನ ಹೆಸರಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರಗಳ ನಡುವೆ ವಿಪರೀತ ಜಾಗ ಬಿಟ್ಟು ಗಾಂಭೀರ್ಯವನ್ನು ತರುವ ಪಾಶ್ಚಾತ್ಯ ರೂಢಿಯೂ ಇಲ್ಲಿ ಸಲ್ಲದು. ದೀರ್ಘದ ಚಿಹ್ನೆಯೂ ಅರ್ಕಾವತ್ತೂ ತಮ್ಮ ಅಕ್ಷರದಿಂದ ಬೇರ್ಪಟ್ಟು ಅನಾಥವಾಗಿ ನಿಲ್ಲುತ್ತವೆ.

ಗಣಕಯಂತ್ರದಲ್ಲಿ ಅತಿಯಾಗಿ ಕಾಡುವ ತೊಂದರೆಯೆಂದರೆ ಸಂಯುಕ್ತಾಕ್ಷರಗಳು ಒಡೆಯುವುದು. ‘ಹತ್ಯೆ’ ಎಂಬ ಎರಡಕ್ಷರದ ಹೆಸರನ್ನು ತೆಗೆದುಕೊಂಡರೆ, ಎರಡನೆಯ ಅಕ್ಷರದಲ್ಲಿ ತಕಾರ, ಅದರ ಕೆಳಗೆ ಯ-ಒತ್ತು, ತಲೆಯ ಮೇಲೆ ಎತ್ವ ಮೂರೂ ಒಂದೇ ಘಟಕವಾಗಿ ಕೂಡಿರುತ್ತವೆ. ಭಾರತೀಯ ಲಿಪಿಗಳ ಜೋಡಣೆಯನ್ನು ಅರಿಯದ ಸಂಕಲನ ತಂತ್ರಾಂಶದಲ್ಲಿ ಇದೇ ಹೆಸರು ‘ಹತ್‌ಯೆ’ ಎಂದು ಬಿರುಕುಬಿಟ್ಟು ಕಾಣಿಸಿಕೊಳ್ಳುತ್ತದೆ. ತಂತ್ರಾಂಶದ ಪಠ್ಯ ವ್ಯವಸ್ಥೆಯಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಮೊದಲೇ ಜಾರಿಗೊಳಿಸುವುದು, ಇಲ್ಲವೆ ಹೆಸರನ್ನು ಬೇರೆ ಚಿತ್ರತಂತ್ರಾಂಶದಲ್ಲಿ ಸರಿಯಾಗಿ ಬರೆದು ರೇಖಾಕೃತಿಯಾಗಿ ಪರಿವರ್ತಿಸಿ ತರುವುದು ಇದಕ್ಕೆ ಉಪಾಯ. ಅಕ್ಷರಗಳು ಒಂದೊಂದಾಗಿ ಮೂಡುವಂತೆ ಮಾಡುವಾಗಲೂ ತಂತ್ರಾಂಶ ಎಣಿಸುವ ಸಂಕೇತಗಳನ್ನು ಲೆಕ್ಕಕ್ಕೆ ಹಿಡಿಯದೆ, ನಾವು ಉಚ್ಚರಿಸುವ ಅಕ್ಷರಗಳನ್ನೇ ಘಟಕಗಳನ್ನಾಗಿ ಬೇರ್ಪಡಿಸಿ ಚಲಿಸುವಂತೆ ಮಾಡಬೇಕು. ಇಲ್ಲದಿದ್ದಲ್ಲಿ ಒಂದು ಕ್ಷಣ ‘ತ’, ಮರುಕ್ಷಣ ‘ತ್’, ಆಮೇಲೆ ‘ತ್ಯ’ ಎಂದು ಹೆಸರು ತೆರೆಯ ಮೇಲೆ ತೊದಲುತ್ತದೆ.

ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಸೇರಿದ್ದರೂ ಅದನ್ನು ತಂತ್ರಾಂಶಗಳು ಸಮರ್ಪಕವಾಗಿ ಒಪ್ಪಿಕೊಳ್ಳಲು ಬಹಳ ವರ್ಷ ಹಿಡಿಯಿತು. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಪದ್ಧತಿಯ ಅಕ್ಷರಗಳನ್ನು ಶೀರ್ಷಿಕೆಗಳಿಗೆ ಬಳಸುವ ರೂಢಿ ಈ ಕಾರಣದಿಂದಲೇ ಉಳಿದುಬಂದಿತು. ಕನ್ನಡಕ್ಕೆ ಸಮರ್ಥವಾದ ತಂತ್ರಾಂಶ ಬೇಕೆಂದು ದನಿಯೆತ್ತಿದವರಲ್ಲಿ ತೇಜಸ್ವಿಯವರೂ ಒಬ್ಬರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆಯಿತ್ತು. ಈಗ ನೋಟೊ, ಬಾಲೂ ತಮ್ಮ, ಅಕಾಯಾ ಕನಡಕ, ಅನೇಕ್ ಮೊದಲಾದ ಮುಕ್ತ ಪರವಾನಗಿಯ ಕನ್ನಡ ಅಕ್ಷರಮಾಲೆಗಳು ಉಚಿತವಾಗಿ ದೊರೆಯುತ್ತವೆ. ನಾಮಾವಳಿಯ ಸಣ್ಣ ಹೆಸರುಗಳಿಗೆ ಇವು ಯಥೇಷ್ಟ. ಆದರೆ ಚಿತ್ರದ ಮುಖ್ಯ ಹೆಸರನ್ನು ಮಾತ್ರ ಕೈಯಿಂದಲೇ ಬರೆಯಿಸುವುದು ಶ್ರೇಯಸ್ಕರ. ರಕ್ತ ಸುರಿಯುವ, ಉಗುರಿನಿಂದ ಪರಚಿದ ಅಕ್ಷರಗಳು ಅತಿಪರಿಚಯದಿಂದ ಸತ್ತ್ವಹೀನವಾಗಿವೆ. ಶಾಲಾಬಾಲಕನ ದುಂಡಕ್ಷರದಲ್ಲಿ ಅಚ್ಚುಕಟ್ಟಾಗಿ ಬರೆದ ಹೆಸರು ಅವುಗಳಿಗಿಂತ ಹೆಚ್ಚು ಭಯವನ್ನು ಹುಟ್ಟಿಸಬಲ್ಲುದು.

ಧ್ವನಿ: ಶೀರ್ಷಿಕಾವಳಿಯ ಅರ್ಧ ಪರಿಣಾಮ ಕಿವಿಗೆ ಸೇರಿದುದು. ಸಂಗೀತಕ್ಕೆ ಬಂಡವಾಳವಿಲ್ಲದ ಕಿರುಚಿತ್ರಕ್ಕೆ ಕಾಫಿ ಸೀಮೆ ಧಾರಾಳವಾಗಿ ಧ್ವನಿಗಳನ್ನು ಒದಗಿಸುತ್ತದೆ: ಸಂಜೆಯ ಜೀರುಂಡೆ, ತಗಡಿನ ಮಾಡಿನ ಮೇಲಿನ ಮಳೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಏಕನಾದ, ಕೂಲಿಕಾರರ ಲೈನ್ ಮನೆಗಳ ಕಡೆಯಿಂದ ಕೇಳಿಬರುವ ರೇಡಿಯೊ, ಸಿಲ್ವರ್ ಮರಗಳ ನಡುವಿನ ಗಾಳಿ. ಜೀರುಂಡೆಗಳ ಕೂಗನ್ನು ಹೆಸರುಗಳ ಉದ್ದಕ್ಕೂ ಏರಿಸುತ್ತ ಹೋಗಿ, ಚಿತ್ರದ ಹೆಸರು ಮೂಡಿದ ಕ್ಷಣದಲ್ಲಿ ಥಟ್ಟನೆ ನಿಲ್ಲಿಸಿದರೆ, ಕಾಡಿನಲ್ಲಿ ಯಾರೋ ನಡೆದುಬಂದರೆಂಬ ಅರ್ಥ ಮಲೆನಾಡಿನವನಿಗೆ ತಾನಾಗಿಯೇ ಹೊಳೆಯುತ್ತದೆ. ಅನುಮತಿಯಿಲ್ಲದೆ ಬೇರೆ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಬಳಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದರಿಂದ ಅದನ್ನು ಸರ್ವಥಾ ವರ್ಜಿಸಬೇಕು.

ನಾಮಾವಳಿ: ಕಡೆಯ ಪಟ್ಟಿಯಲ್ಲಿ ತಾರಾಗಣ, ಕಥೆ, ಚಿತ್ರಕಥೆ, ಸಂಭಾಷಣೆ, ಛಾಯಾಗ್ರಹಣ, ಸಂಕಲನ, ಸಂಗೀತ, ಧ್ವನಿಗ್ರಹಣ, ಕಲೆ, ಪ್ರಸಾಧನ, ವಸ್ತ್ರಾಲಂಕಾರ, ಸ್ಥಿರಚಿತ್ರಣ, ಪ್ರಚಾರಕಲೆ, ನಿರ್ಮಾಣ ನಿರ್ವಹಣೆ, ಸಹಾಯಕರು, ಕೃತಜ್ಞತೆಗಳು ಎಂಬ ವಿಭಾಗಗಳು ಬರುವುದು ವಾಡಿಕೆ. ಆರಂಭದಲ್ಲಿ ನಿರ್ಮಾಪಕನಿಂದ ಮೊದಲಾಗಿ ನಿರ್ದೇಶಕನಲ್ಲಿ ಮುಗಿಯುವುದೂ, ಅಂತ್ಯದಲ್ಲಿ ನಿರ್ದೇಶಕನಿಂದ ಮೊದಲಾಗುವುದೂ ಸಾಮಾನ್ಯ ಕ್ರಮ. ಒಬ್ಬನೇ ವ್ಯಕ್ತಿ ಐದಾರು ಕೆಲಸಗಳನ್ನು ಮಾಡಿರುವ ಕಿರುಚಿತ್ರದಲ್ಲಿ ಅವನ ಹೆಸರನ್ನು ಐದಾರು ಬಾರಿ ತೋರಿಸುವುದಕ್ಕಿಂತ ಒಂದೇ ಫಲಕದಲ್ಲಿ ಎಲ್ಲ ಕೆಲಸಗಳನ್ನೂ ಕೂಡಿಸಿ ಹೇಳುವುದು ಮರ್ಯಾದೆ. ಕೊಲೆಗಾರನ ಪಾತ್ರಧಾರಿಯ ಹೆಸರನ್ನು ಆರಂಭದಲ್ಲಿಯೇ ಪಾತ್ರದ ಹೆಸರಿನೊಂದಿಗೆ ಕೊಟ್ಟರೆ ಗುಟ್ಟು ರಟ್ಟಾಗುವ ಅಪಾಯವಿರುವುದರಿಂದ, ಪಾತ್ರಗಳ ಹೆಸರುಗಳನ್ನು ಕಡೆಯ ಪಟ್ಟಿಯಲ್ಲಿ ಮಾತ್ರ ಕೊಡತಕ್ಕದ್ದು.

ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟ ತೋಟದ ಮಾಲೀಕನನ್ನು ನೆನೆಯುವ ಚಿತ್ರಗಳು, ರಾತ್ರಿ ದೀಪ ಹೊತ್ತು ನಿಂತ ಲೈನಿನ ಕೂಲಿಕಾರರನ್ನೂ ಜೀಪು ಓಡಿಸಿದವನನ್ನೂ ಅಡುಗೆ ಮಾಡಿದವಳನ್ನೂ ‘ಮತ್ತು ಊರಿನ ಸಮಸ್ತರು’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು. ತೋಟದ ಹಾಜರಿ ಪುಸ್ತಕದಲ್ಲಿ ಒಂದು ದಿನ ದುಡಿದವನ ಹೆಸರೂ ತಪ್ಪದೆ ಬರುವಂತೆ ನಾಮಾವಳಿಯಲ್ಲಿಯೂ ಬರಬೇಕು. ಚಿತ್ರೀಕರಣದ ಪ್ರತಿದಿನವೂ ಸಂಜೆ ಅಂದು ಕೆಲಸ ಮಾಡಿದವರ ಹೆಸರುಗಳನ್ನು ಅವರು ಹೇಳಿದ ರೂಪದಲ್ಲಿಯೇ ಬರೆದುಕೊಳ್ಳುವುದು ಇದಕ್ಕೆ ಸುಲಭ ಸಾಧನ.

ಕಾನೂನಿನ ಕಡೆಯಿಂದ ಕೆಲವು ಸೂಚನೆಗಳು ಶೀರ್ಷಿಕಾವಳಿಯಲ್ಲಿ ಸೇರುತ್ತವೆ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಪಡೆದ ಪ್ರಮಾಣಪತ್ರವನ್ನು ಚಿತ್ರದ ಮೊದಲಲ್ಲಿ ತೋರಿಸಬೇಕು. ಧೂಮಪಾನದ ದೃಶ್ಯಗಳಿದ್ದರೆ 2012ರಿಂದ ಜಾರಿಯಲ್ಲಿರುವ ಎಚ್ಚರಿಕೆಗಳು ಕಡ್ಡಾಯ. ಪ್ರಾಣಿಗಳನ್ನು ಬಳಸಿಕೊಂಡಿದ್ದರೆ ಅದಕ್ಕೆ ಸಂಬಂಧಿಸಿದ ಘೋಷಣೆ ಅಗತ್ಯ. ಕುದುರೆಮುಖ ರಾಷ್ಟ್ರೀಯ ಉದ್ಯಾನವೇ ಮೊದಲಾದ ರಕ್ಷಿತ ಪ್ರದೇಶಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಂದ ಚಿತ್ರೀಕರಿಸಿದ್ದರೆ ಅದನ್ನು ಕೃತಜ್ಞತೆಯಲ್ಲಿ ಕಾಣಿಸುವುದು ಪದ್ಧತಿ.

ತಾಂತ್ರಿಕ ಪ್ರಮಾಣಗಳು: ಫಲಕವೊಂದು ತೆರೆಯ ಮೇಲೆ ಇರಬೇಕಾದ ಕಾಲವನ್ನು ಅಳೆಯಲು, ಅದರಲ್ಲಿರುವುದನ್ನು ಸಾವಧಾನವಾಗಿ ಎರಡು ಬಾರಿ ಓದಿಕೊಳ್ಳುವಷ್ಟು ಹೊತ್ತೆಂಬ ಹಳೆಯ ಸೂತ್ರ ಇಂದಿಗೂ ಸಲ್ಲುತ್ತದೆ. ಅಕ್ಷರಗಳನ್ನು ಚೌಕಟ್ಟಿನ ಅಂಚಿನಿಂದ ಸಾಕಷ್ಟು ಒಳಗೆ, ನಡುವಣ ಶೇಕಡ 80ರಿಂದ 90ರಷ್ಟು ಭಾಗದೊಳಗೆ ಇಡಬೇಕು. ಮೇಲಕ್ಕೆ ಸರಿಯುವ ಪಟ್ಟಿಯ ವೇಗವು ಪ್ರತಿ ಚೌಕಟ್ಟಿಗೆ (ಫ್ರೇಮಿಗೆ) ಪೂರ್ಣಸಂಖ್ಯೆಯ ಬಿಂದುಗಳಷ್ಟು (ಪಿಕ್ಸೆಲ್‌ಗಳಷ್ಟು) ಇರಬೇಕು. ಭಿನ್ನರಾಶಿಯಾದರೆ ಅಕ್ಷರಗಳು ನಡುಗಿದಂತೆ ಕಾಣುತ್ತವೆ. 1080 ಬಿಂದುಗಳ ಎತ್ತರದ ಚಿತ್ರದಲ್ಲಿ, ಸೆಕೆಂಡಿಗೆ 24 ಚೌಕಟ್ಟುಗಳಂತೆ, ಚೌಕಟ್ಟಿಗೆ 3 ಬಿಂದು ಸರಿದರೆ ಒಂದು ಹೆಸರು ತೆರೆಯನ್ನು ದಾಟಲು 15 ಸೆಕೆಂಡು ಹಿಡಿಯುತ್ತದೆ. ಸಾಲಿಗೆ 60 ಬಿಂದುಗಳಂತೆ 30 ಸಾಲುಗಳಿದ್ದರೆ ಪಟ್ಟಿಯ ಎತ್ತರ 1800, ತೆರೆಯದು 1080, ಒಟ್ಟು 2880 ಬಿಂದುಗಳು. ಎಂದರೆ 960 ಚೌಕಟ್ಟುಗಳು ಅಥವಾ 40 ಸೆಕೆಂಡುಗಳು. ಕಿರುಚಿತ್ರವೊಂದರ ಸಮಸ್ತ ಶ್ರಮಿಕರನ್ನೂ ಹೆಸರಿಟ್ಟು ನೆನೆಯಲು ಇಷ್ಟು ಕಾಲ ಸಾಕು. ಸಮಯವಿಲ್ಲವೆಂಬ ನೆಪಕ್ಕೆ ಆಧಾರವಿಲ್ಲ.

ಈಚೆಗೆ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುವವರೇ ಹೆಚ್ಚಾಗಿರುವುದರಿಂದ, ದೊಡ್ಡ ತೆರೆಯಲ್ಲಿ ಸೊಗಸಾಗಿ ಕಾಣುವ ತೆಳ್ಳನೆಯ ಅಕ್ಷರಗಳು ಅಂಗೈಯಗಲದ ಗಾಜಿನ ಮೇಲೆ ಓದಲಾಗದಂತಾಗುತ್ತವೆ. ಅಂತಿಮ ಪ್ರತಿಯನ್ನು ಒಪ್ಪುವ ಮುನ್ನ ಶೀರ್ಷಿಕಾವಳಿಯನ್ನು ಎರಡು ಬಗೆಯ ತೆರೆಗಳ ಮೇಲೂ ನೋಡಿ, ಪ್ರತಿಯೊಂದು ಹೆಸರನ್ನೂ ಆ ಹೆಸರಿನವರಿಂದಲೇ ಓದಿಸಿ ಕಾಗುಣಿತವನ್ನು ಖಚಿತಪಡಿಸಿಕೊಳ್ಳಬೇಕು. ಕಥೆಯ ಗುಟ್ಟನ್ನು ಕಡೆಯವರೆಗೆ ಮುಚ್ಚಿಡುವ ಹಕ್ಕು ರಹಸ್ಯಚಿತ್ರಕ್ಕೆ ಉಂಟು. ದುಡಿದವರ ಹೆಸರನ್ನು ಮುಚ್ಚಿಡುವ ಹಕ್ಕು ಯಾವ ಚಿತ್ರಕ್ಕೂ ಇಲ್ಲ.